ಹೊತ್ತು ಕಳೆಯುವ ಆಟ

ಮೈದಾನಕ್ಕೆ ಹೋಗಿ ಆಟ ನೋಡುವ ಅಭ್ಯಾಸ ನಮಗೆ ಎಂದೂ ಇದ್ದುದಲ್ಲ. ಆದರೆ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರೋಣವೆಂದು ಮೆಲ್ಬರ್ನ್ ನಗರಕ್ಕೆ ಹೋದಾಗ, ಆ ಊರಿನಲ್ಲಿ ಚಳಿಗಾಲ ಮುಗಿಯುವ ತನಕ ಜನರ ಬಾಯಲ್ಲಿ ಕಾಲ್ಚೆಂಡಿನ ಮಾತಲ್ಲದೆ ಬೇರೊಂದು ಮಾತಿಲ್ಲವೆಂಬುದನ್ನು ಕಂಡು, ನಾವೂ ಆ ವಿದ್ಯೆಯನ್ನು ಅಷ್ಟಿಷ್ಟು ಕಲಿಯದೆ ವಿಧಿಯಿಲ್ಲವಾಯಿತು. ಹದಿನಾಲ್ಕು ವರ್ಷದ ಮೊಮ್ಮಗನು ಗುರುವಾದನು; ನಾವೂ ನಮ್ಮ ಮನೆಯವರೂ ಶಿಷ್ಯರಾದೆವು. ಮನೆಯವರು ಮೂರನೆಯ ದಿನಕ್ಕೇ ವಿದ್ಯೆಯನ್ನು ಗುರುವಿಗೆ ಹಿಂದಿರುಗಿಸಿ ಅಡಿಗೆಯ ಮನೆಗೆ ನಡೆದರು. ನಾವು ಮಾತ್ರ ಉಳಿದೆವು.

ಇದು ನಮ್ಮ ದೇಶದವರು ಬಲ್ಲ ಫುಟ್‌ಬಾಲ್ ಅಲ್ಲ. ಇದರ ನಿಯಮಗಳನ್ನು ಮೆಲ್ಬರ್ನಿನವರೇ 1859ರಲ್ಲಿ ಮೊದಲು ಬರೆದಿಟ್ಟರು. ಕ್ರಿಕೆಟ್ಟಿನ ಮೈದಾನವೇ ಇದಕ್ಕೂ ಮೈದಾನ. ಪಕ್ಷವೊಂದಕ್ಕೆ 18 ಮಂದಿ. ಚೆಂಡು ದುಂಡಗಿಲ್ಲ, ಸಿಪ್ಪೆ ಸುಲಿಯದ ಹಣ್ಣಡಕೆಯನ್ನು ಹಲವು ಪಟ್ಟು ಹಿಗ್ಗಿಸಿದರೆ ಹೇಗೋ ಹಾಗೆ. ಅದನ್ನು ಒದೆಯಬಹುದು, ಹಿಡಿಯಬಹುದು, ಅಂಗೈಮೇಲೆ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದು ಕಳುಹಿಸಿದರೆ ಗೋಲು, ಆರು ಅಂಕ. ಪಕ್ಕದ ಸಂದುಗಳಲ್ಲಿ ಹೋದರೆ ಬಿಹೈಂಡ್ ಎಂದು ಒಂದಂಕ. ತಪ್ಪು ಗುರಿಗೂ ಇಷ್ಟು ಕೂಲಿ ಕೊಡುವ ಆಟವನ್ನು ನಾವು ಬೇರೆಲ್ಲಿಯೂ ಕಾಣೆವು.

ಈ ಲೇಖನಕ್ಕೆ ಬೇಕಾದುದು ಇನ್ನೊಂದು ನಿಯಮ. ಕಾಲಿನಿಂದ ಒದ್ದ ಚೆಂಡು 15 ಮೀಟರಿಗೆ ಕಡಮೆಯಿಲ್ಲದಷ್ಟು ದೂರ ಸಾಗಿ, ನೆಲಕ್ಕೆ ಬೀಳುವ ಮೊದಲೇ ಯಾರ ಕೈಗಾದರೂ ಸಿಕ್ಕಿದರೆ ಅದಕ್ಕೆ ‘ಮಾರ್ಕ್’ ಎಂದು ಹೆಸರು. ಮಾರ್ಕ್ ಹಿಡಿದವನನ್ನು ಎದುರಾಳಿ ಮುಟ್ಟುವ ಹಾಗಿಲ್ಲ. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಉಸಿರೆಳೆದುಕೊಂಡು, ದಿಕ್ಕು ನೋಡಿ, ನಿಧಾನವಾಗಿ ಒದೆಯಬಹುದು. ತೀರ ತಡಮಾಡಿದರೆ ಅಂಪೈರು ಆಟ ಸಾಗಲೆಂದು ಕೂಗುತ್ತಾನೆ, ಅಷ್ಟೆ. ದೊಡ್ಡವರ ಪಂದ್ಯದಲ್ಲಿ ಇಪ್ಪತ್ತಿಪ್ಪತ್ತು ನಿಮಿಷಗಳ ನಾಲ್ಕು ಪಾದಗಳುಂಟು. ಚೆಂಡು ಗೆರೆಯಾಚೆ ಹೋದಾಗ, ಗೋಲಾದಾಗ ಗಡಿಯಾರವನ್ನು ನಿಲ್ಲಿಸುವುದರಿಂದ ಒಂದೊಂದು ಪಾದವೂ ಅರ್ಧಗಂಟೆಯ ಹತ್ತಿರಕ್ಕೆ ಬೆಳೆಯುತ್ತದೆ. ಆದರೆ ಮಾರ್ಕ್ ಹಿಡಿದವನು ಉಸಿರೆಳೆದುಕೊಳ್ಳುವಾಗ ಗಡಿಯಾರ ನಿಲ್ಲುವುದಿಲ್ಲ. ಕಳ್ಳಗಂಡಿ ಇರುವುದು ಇಲ್ಲಿಯೇ. ಮೂರು ಅಂಕ ಮುಂದಿರುವ ಪಕ್ಷವು ಕಡೆಯ ಎರಡು ನಿಮಿಷಗಳಲ್ಲಿ ಮುಂದಕ್ಕೆ ನುಗ್ಗುವ ಗೋಜಿಗೆ ಹೋಗದೆ, ತನ್ನವರಲ್ಲಿಯೇ ಪಕ್ಕಕ್ಕೊಂದು, ಹಿಂದಕ್ಕೊಂದು ಸಣ್ಣ ಒದೆತ ಒದೆಯುತ್ತ, ಪ್ರತಿ ಮಾರ್ಕಿಗೂ ಕೆಲವು ಸೆಕೆಂಡುಗಳನ್ನು ನುಂಗುತ್ತ ಸೈರನ್ನಿಗಾಗಿ ಕಾಯುತ್ತದೆ. ಇದಕ್ಕೆ ಅಲ್ಲಿಯವರು ಟೆಂಪೋ ಎನ್ನುತ್ತಾರೆ. ನಮ್ಮ ಕಡೆ ಟೆಂಪೋ ಎಂದರೆ ಸಾಮಾನು ಹೇರುವ ಗಾಡಿ. ಅಲ್ಲಿ ಅದು ಆಟದ ಲಯವನ್ನು ತನಗೆ ಬೇಕಾದಂತೆ ಇಳಿಸಿಕೊಳ್ಳುವ ಉಪಾಯ. ನೋಡುವ ಜನ ಹುಯಿಲಿಡುತ್ತಾರೆ, ಶಪಿಸುತ್ತಾರೆ. ತಮ್ಮ ಪಕ್ಷವೇ ಹಾಗೆ ಮಾಡಿದರೆ ಬಾಯಿ ಮುಚ್ಚಿಕೊಂಡು ಉಗುರು ಕಚ್ಚುತ್ತಾರೆ.

ಗೆಲುವನ್ನು ಕಾಯುವುದಕ್ಕೆ ಮನುಷ್ಯನು ಹೂಡಿದ ಯುಕ್ತಿಗಳ ಚರಿತ್ರೆಯನ್ನು ಮೊಮ್ಮಗನು ಪಾರಾಯಣದಂತೆ ಒಪ್ಪಿಸುತ್ತಿದ್ದನು. 2008ರಲ್ಲಿ ರಿಚ್ಮಂಡ್ ಪಕ್ಷದ ಜೋಯಲ್ ಬೌಡನ್ ಎಂಬುವನು, ಎಸ್ಸೆಂಡನ್ ಪಕ್ಷದ ಮೇಲೆ ತನ್ನವರು ಮುಂದಿದ್ದಾಗ, ಕಡೆಯ ಗಳಿಗೆಯಲ್ಲಿ ಚೆಂಡನ್ನು ಹಿಡಿದುಕೊಂಡೇ ತನ್ನ ಗೋಲಿನ ಗೆರೆಯ ಹಿಂದಕ್ಕೆ ಬೇಕೆಂದು ಹೆಜ್ಜೆಯಿಟ್ಟನು. ಒಂದು ಸಲವಲ್ಲ, ಎರಡು ಸಲ. ಎದುರಾಳಿಗೆ ಎರಡಂಕ ದಾನವಾಯಿತು, ಹೊತ್ತು ಕಳೆಯಿತು, ರಿಚ್ಮಂಡ್ ಗೆದ್ದಿತು. ಅದೇ ವರ್ಷದ ಅಂತಿಮ ಪಂದ್ಯದಲ್ಲಿ ಹಾಥಾರ್ನ್ ಪಕ್ಷದವರು ಗೀಲಾಂಗಿಗೆ ಇಂತಹ ಬಿಹೈಂಡುಗಳನ್ನು ಹನ್ನೊಂದು ಸಲ ಬಿಟ್ಟುಕೊಟ್ಟು 26 ಅಂಕಗಳಿಂದ ಗೆದ್ದರು. ಮರುವರ್ಷ, ಎಂದರೆ 2009ರಲ್ಲಿ, ಒತ್ತಡವಿಲ್ಲದಾಗ ಬೇಕೆಂದು ಹಾಗೆ ಮಾಡಿದವನ ವಿರುದ್ಧ ಫ್ರೀ ಕಿಕ್ ಕೊಡಬೇಕೆಂದು ನಿಯಮವಾಯಿತು. 2021ರಲ್ಲಿ ಇನ್ನೊಂದು: ಮಾರ್ಕಿನ ಬಳಿ ನಿಂತ ಎದುರಾಳಿಯು ಗೂಟದ ಹಾಗೆ ನಿಂತಲ್ಲಿಯೇ ನಿಲ್ಲತಕ್ಕದ್ದು, ಪಕ್ಕಕ್ಕೆ ಅಲುಗಿದರೆ 50 ಮೀಟರಿನ ದಂಡ. ಚೆಂಡು ಬೇಗ ಬೇಗ ಮುಂದಕ್ಕೆ ಸಾಗಲೆಂಬುದೇ ಇದರ ಉದ್ದೇಶ. ಸರಕಾರದ ತೆರಿಗೆಗೂ ವರ್ತಕರ ಲೆಕ್ಕದ ಪುಸ್ತಕಕ್ಕೂ ಇರುವ ಸಂಬಂಧವೇ ಇಲ್ಲಿಯೂ ಇದೆಯೆಂದು ನಮಗೆ ತೋರಿತು. ಒಂದು ಗಂಡಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ.

ಕಾಯುವುದೂ ಒಂದು ಕಲೆಯೇ ಎಂದು ವಾದಿಸುವವರಿಲ್ಲದಿಲ್ಲ. 2005ರಲ್ಲಿ ಸಿಡ್ನಿ ಪಕ್ಷದ ಬಿಗಿಯಾದ, ರಕ್ಷಣೆಯೇ ಪ್ರಧಾನವಾದ ಆಟವನ್ನು ಲೀಗಿನ ಮುಖ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಡೆಮೆಟ್ರಿಯೂ ಅವರು ಬಹಿರಂಗವಾಗಿ ಹಳಿದರು. ಆ ವರ್ಷ ಗೆದ್ದದ್ದು ಅದೇ ಸಿಡ್ನಿ. ವೆಸ್ಟ್ ಕೋಸ್ಟಿನ ಮೇಲೆ 58ಕ್ಕೆ 54. ಕಟ್ಟಕಡೆಯ ಕ್ಷಣದಲ್ಲಿ ಲಿಯೋ ಬ್ಯಾರಿ ಎಂಬುವನು ಜನಜಂಗುಳಿಯ ಮೇಲೆ ಹಾರಿ ಹಿಡಿದ ಮಾರ್ಕನ್ನು ಆ ನಾಡಿನ ಮಕ್ಕಳು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. 1933ರ ತರುವಾಯ ಆ ಪಕ್ಷಕ್ಕೆ ಅದೇ ಮೊದಲ ಪ್ರಶಸ್ತಿ. 72 ವರ್ಷ ಕಾದವರಿಗೆ ಇನ್ನು ಎರಡು ನಿಮಿಷ ಕಾಯುವುದನ್ನು ಯಾರು ಕಲಿಸಬೇಕು?

ನಮಗೆ ಇವೆಲ್ಲ ಕೇಳುವಾಗ ನಮ್ಮ ಹುತುತು ನೆನಪಾಯಿತು. ಮಿಡ್ಲ್ ಸ್ಕೂಲಿನ ಬಯಲಿನಲ್ಲಿ ನಮ್ಮ ಪಕ್ಷ ಮುಂದಿದ್ದರೆ, ಉಸಿರು ಕಟ್ಟಿ ಎದುರಾಳಿಯ ಅಂಕಣಕ್ಕೆ ಹೋಗಿ, ಯಾರನ್ನೂ ಮುಟ್ಟುವ ಗೋಜಿಲ್ಲದೆ, ಗೆರೆ ತುಳಿದ ಶಾಸ್ತ್ರ ಮಾಡಿ ಹಿಂದಿರುಗುತ್ತಿದ್ದೆವು. 2014ರಲ್ಲಿ ಆರಂಭವಾದ ಕಬಡ್ಡಿ ಲೀಗಿನವರು ಈ ರೋಗಕ್ಕೂ ಮದ್ದು ಅರೆದಿದ್ದಾರೆ. ಎರಡು ಸಲ ಬರಿಗೈಯಲ್ಲಿ ಬಂದರೆ ಮೂರನೆಯವನು ಅಂಕ ತರಲೇಬೇಕು, ಇಲ್ಲವೇ ಹೊರಕ್ಕೆ ನಡೆಯಬೇಕು. ನಮ್ಮ ಕಾಲಕ್ಕೆ ಆ ನಿಯಮ ಇದ್ದಿದ್ದರೆ ನಾವು ಹೊರಗೇ ಇರುತ್ತಿದ್ದೆವು.

ಇರಲಿ. ಮೊಮ್ಮಗನೂ ಬಡಾವಣೆಯ ಹುಡುಗರ ಪಕ್ಷವೊಂದರಲ್ಲಿ ಹಿಂದಿನ ಸಾಲಿನಲ್ಲಿ ಆಡುತ್ತಿದ್ದನು. ಒಂದು ಬೆಳಿಗ್ಗೆ, ಕೈಬೆರಳು ಮರಗಟ್ಟುವ ಚಳಿಯಲ್ಲಿ, ಕಂಬಳಿ ಹೊದ್ದು ನಾವು ಗೆರೆಯ ಬದಿಯಲ್ಲಿ ಕುಳಿತಿದ್ದೆವು. ಇನ್ನು ಒಂದು ನಿಮಿಷವೂ ಉಳಿದಿರಲಿಲ್ಲ. ಇವನ ಪಕ್ಷ ಮೂರಂಕ ಮುಂದಿತ್ತು. ಚೆಂಡು ಬಂದು ಇವನ ಎದೆಗೇ ಬಿತ್ತು, ಚೆನ್ನಾಗಿ ಹಿಡಿದನು. ಕೋಚು ಎರಡು ಕೈಗಳನ್ನೂ ಕೆಳಕ್ಕೆ ಒತ್ತುತ್ತ ‘ನಿಧಾನ, ನಿಧಾನ’ವೆಂದು ಕೂಗುತ್ತಿದ್ದರು. ಪಕ್ಕದಲ್ಲಿಯೇ ಜೊತೆಗಾರನೊಬ್ಬನು ಒಂಟಿಯಾಗಿ ನಿಂತಿದ್ದನು. ಆದರೆ ಬಹುದೂರದಲ್ಲಿ, ಮೈದಾನದ ನಡುವೆ, ಇವನ ಗೆಳೆಯನೊಬ್ಬನು ಕೈ ಎತ್ತಿಕೊಂಡು ಓಡುತ್ತಿದ್ದನು. ಇವನು ಅವನ ಕಡೆಗೆ ಬೀಸಿ ಒದ್ದನು. ಒದೆತವೇನೋ ಸೊಗಸಾಗಿತ್ತು, ಗೆಳೆಯನಿಗಿಂತ ಎದುರಾಳಿಯೊಬ್ಬನು ಗೇಣುದ್ದ ಎತ್ತರವಿದ್ದನು. ಅವನ ಕೈಯಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ, ಅಲ್ಲಿಂದ ಗೋಲು. ಸೈರನ್ ಕೂಗಿತು. ಮೂರಂಕದ ಗೆಲುವು ಮೂರಂಕದ ಸೋಲಾಯಿತು.

ಆ ರಾತ್ರಿ ಊಟಕ್ಕೆ ಕುಳಿತಾಗ ಹುಡುಗನು ಅನ್ನವನ್ನು ಕಲಸಿದನೇ ಹೊರತು ತುತ್ತೆತ್ತಲಿಲ್ಲ. ಕಡೆಗೆ, “ಅಜ್ಜ, ನಾನು ಮಾಡಿದ್ದು ತಪ್ಪೇ? ಆಡುವುದಕ್ಕೆ ಹೋದವನು ಆಡದೆ ಹೇಗಿರುವುದು?” ಎಂದು ಕೇಳಿದನು.

ಉತ್ತರ ನಮ್ಮ ನಾಲಿಗೆಯ ತುದಿಯಲ್ಲಿತ್ತು, ಆದರೆ ಹೊರಡಲಿಲ್ಲ. ಕಾರಣವನ್ನು ವಾಚಕರಿಗೆ ಹೇಳಬೇಕು.

ನಮ್ಮ ತಂದೆಯವರು ತೀರಿಕೊಂಡಾಗ ನಮ್ಮ ಪಾಲಿಗೆ ಬಂದವುಗಳಲ್ಲಿ ಅಡಕೆ ತೋಟದ ಅಂಚಿನ ಒಂದು ತುಂಡೂ, ಅದಕ್ಕೆ ಅಂಟಿಕೊಂಡ ಒಂದು ದಾವೆಯೂ ಇದ್ದುವು. ತುಂಡು ಮುಕ್ಕಾಲು ಎಕರೆಗೆ ಮೀರಿದ್ದಲ್ಲ. ದಾವೆ ಹೂಡಿದವರು ತಂದೆಯವರ ದೊಡ್ಡಪ್ಪನ ಮಗ. ನಾವು ಚಿಕ್ಕಪ್ಪನೆಂದೇ ಕರೆಯುತ್ತಿದ್ದವರು. ಕಾಗದಪತ್ರಗಳನ್ನು ನೋಡಿದರೆ ಅವರ ಕಡೆಗೇ ತೂಕ ಹೆಚ್ಚೆಂದು ನಮ್ಮ ವಕೀಲರೇ ಮೆಲ್ಲಗೆ ಹೇಳಿದ್ದರು. “ಆದರೆ ಸ್ವಾಧೀನ ನಿಮ್ಮದು. ಫಸಲು ನಿಮ್ಮ ಅಂಗಳಕ್ಕೆ ಬರುತ್ತಿದೆ. ನಿಮಗೇನು ಅವಸರ? ಅವಸರವಿದ್ದರೆ ಅವರಿಗೆ” ಎಂದರು. ಅಂದಿನಿಂದ ನಾವು ವಾಯಿದೆಯ ಮೇಲೆ ವಾಯಿದೆ ಕೇಳುತ್ತ ಬಂದೆವು. ಒಮ್ಮೆ ನಕಲು ಸಿಕ್ಕಿಲ್ಲ, ಒಮ್ಮೆ ಸಾಕ್ಷಿ ಊರಲ್ಲಿಲ್ಲ, ಒಮ್ಮೆ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ಕಾನೂನು ಮೀರಿದ್ದು ಒಂದೂ ಇಲ್ಲ. ಪ್ರತಿ ವಾಯಿದೆಗೂ ಚಿಕ್ಕಪ್ಪ ನಸುಕಿನ ಬಸ್ಸು ಹಿಡಿದು, ಬಾಳೆಯೆಲೆಯಲ್ಲಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಹೊಸ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಂಡು ಅಂಗಿಯ ಜೇಬಿಗಿಟ್ಟು ಹಿಂದಿರುಗುತ್ತಿದ್ದರು.

ಒಂದು ಸಲ ನಮಗೆ ಜ್ವರವೆಂದು ವಾಯಿದೆ ಪಡೆದೆವು. ಆ ದಿನ ನಾವು ತೋಟದಲ್ಲಿ ಕೊನೆ ಕೊಯ್ಲು ಮಾಡಿಸುತ್ತಿದ್ದೆವು. ಮುಂದಿನ ತಾರೀಖಿನಂದು ಕೋರ್ಟಿನ ಅಂಗಳದ ಮರದಡಿಯಲ್ಲಿ ಚಿಕ್ಕಪ್ಪ ನಮ್ಮನ್ನು ಕಂಡು ಹತ್ತಿರ ಬಂದರು. “ಜ್ವರ ಬಿಟ್ಟಿತೇನಪ್ಪಾ? ಈ ವರ್ಷದ ಜ್ವರ ಒಳ್ಳೆಯದಲ್ಲ. ಅಮೃತಬಳ್ಳಿ ಕಷಾಯ ಕುಡಿ” ಎಂದರು. ಮಾತಿನಲ್ಲಿ ಕೊಂಕಿತ್ತೇ ಎಂದು ಎಷ್ಟೋ ಸಲ ನೆನೆದು ನೋಡಿದ್ದೇವೆ. ಇರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಹನ್ನೆರಡನೆಯ ವರ್ಷದಲ್ಲಿ ಅವರು ತೀರಿಕೊಂಡರು. ಮಕ್ಕಳು ಪಟ್ಟಣ ಸೇರಿದ್ದರು, ಓಡಾಟಕ್ಕೆ ಬೇಸತ್ತಿದ್ದರು. ಸ್ವಲ್ಪ ಹಣಕ್ಕೆ ರಾಜಿಯಾಯಿತು. ತುಂಡು ನಮ್ಮದೇ ಉಳಿಯಿತು. ಮೆಲ್ಬರ್ನಿಗೆ ಬರುವ ಟಿಕೆಟ್ಟಿನ ಹಣದಲ್ಲಿ ಅದರ ಅಡಕೆಯದೂ ಒಂದು ಪಾಲಿತ್ತು.

ಇಷ್ಟನ್ನೂ ಹುಡುಗನಿಗೆ ಹೇಳುವ ಧೈರ್ಯ ನಮಗೆ ಬರಲಿಲ್ಲ. “ಕೋಚು ಹೇಳಿದಂತೆ ಕೇಳಬೇಕು, ಮಗು. ಪಕ್ಷದಲ್ಲಿ ನೀನೊಬ್ಬನೇ ಅಲ್ಲವಷ್ಟೆ?” ಎಂದೆವು. ಅವನು ತಲೆಯಾಡಿಸಿ ಊಟ ಮಾಡಿದನು. ಮಗಳು ನಮ್ಮ ಮುಖವನ್ನೊಮ್ಮೆ ನೋಡಿದಳು. ಚಿಕ್ಕಪ್ಪನನ್ನು ಅವಳು ಬಾಲ್ಯದಲ್ಲಿ ಕಂಡಿದ್ದಳು. ಅವರು ತಂದ ನೆಲ್ಲಿಕಾಯಿ ತಿಂದಿದ್ದಳು.

ಮೂರು ವಾರದ ಮೇಲೆ ಮತ್ತೆ ಅಂತಹುದೇ ಸಂದರ್ಭ ಒದಗಿತು. ಈ ಸಲ ಐದಂಕದ ಮುನ್ನಡೆ. ಚೆಂಡು ಮತ್ತೆ ಇವನ ಕೈಗೇ ಬಂದಿತು. ಹುಡುಗನು ನಿಂತನು. ಎರಡು ಹೆಜ್ಜೆ ಹಿಂದಕ್ಕಿಟ್ಟನು. ಕಾಲುಚೀಲವನ್ನು ಮೇಲಕ್ಕೆಳೆದುಕೊಂಡನು; ಅದನ್ನು ಯಾರು ಕಲಿಸಿದರೋ ತಿಳಿಯದು. ಅಂಪೈರು ಕೂಗುವ ಕ್ಷಣಕ್ಕೆ ಸರಿಯಾಗಿ ಪಕ್ಕದವನಿಗೆ ಪುಟ್ಟದೊಂದು ಒದೆತ ಒದ್ದನು. ಅವನು ಹಿಡಿದು, ನಿಂತು, ಇವನಿಗೇ ಹಿಂದಿರುಗಿಸಿದನು. ಎದುರಾಳಿ ಹುಡುಗರು ಅತ್ತಿಂದಿತ್ತ ಓಡಿ ಓಡಿ ಸೋತು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರಲ್ಲೊಬ್ಬ ತೆಳ್ಳನೆಯ ಹುಡುಗ ಮಾತ್ರ ಇನ್ನೂ ಓಡುತ್ತಲೇ ಇದ್ದನು.

ಎರಡನೆಯ ಮಾರ್ಕನ್ನು ಹಿಡಿದ ಮೊಮ್ಮಗನು ಒದೆಯುವ ಮೊದಲು ತಲೆಯೆತ್ತಿ ನಾವು ಕುಳಿತಿದ್ದ ಕಡೆಗೆ ನೋಡಿದನಂತೆ. ಮಗಳು ಆಮೇಲೆ ಹೇಳಿದಳು. ನಮಗೆ ಅದು ಕಾಣಲಿಲ್ಲ; ನಾವು ಆಗ ಕೈಗಡಿಯಾರವನ್ನು ನೋಡಿಕೊಳ್ಳುತ್ತಿದ್ದೆವು.