ದೂರದ ದೇಶವೂ ಬಾವಿಯ ಕಟ್ಟೆಯೂ

ನಾವು ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ಒಂದು ದಿನ, ಭೂಗೋಳದ ಉಪಾಧ್ಯಾಯಿನಿಯವರು ದಕ್ಷಿಣ ಅಮೇರಿಕಾ ಖಂಡದ ನಕ್ಷೆಯನ್ನು ಗೋಡೆಗೆ ತೂಗಹಾಕಿ, ಪೆರು ದೇಶದ ಪರ್ವತಗಳನ್ನು ಕೋಲಿನಿಂದ ತೋರಿಸುತ್ತ, ಫ್ಲೋರಾ ತ್ರಿಸ್ತಾನ್ ಎಂಬಾಕೆಯ ವೃತ್ತಾಂತವನ್ನು ಹೇಳಿದರು.

ಈಕೆಯು 1803ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಪೆರುವಿನ ಸಿರಿವಂತ ಮನೆತನದವನು; ತಾಯಿಯು ಫ್ರೆಂಚ್ ಸ್ತ್ರೀ. ಅವರ ವಿವಾಹವನ್ನು ಕಾನೂನು ಅಂಗೀಕರಿಸದ ಕಾರಣ, ತಂದೆಯು ತೀರಿಕೊಂಡ ಮೇಲೆ ತಾಯಿಮಕ್ಕಳು ಬಡತನಕ್ಕೆ ಬಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಾದ ಫ್ಲೋರಾ, ಗಂಡನೊಡನೆ ಬಾಳಲಾರದೆ ಮನೆ ಬಿಟ್ಟಳು. ಫ್ರಾನ್ಸಿನಲ್ಲಿ ವಿವಾಹವಿಚ್ಛೇದನವು 1816ರಲ್ಲಿಯೇ ರದ್ದಾಗಿದ್ದುದರಿಂದ ಅವಳಿಗೆ ಬಿಡುಗಡೆಯಿರಲಿಲ್ಲ. 1833ನೆಯ ಏಪ್ರಿಲ್ 7ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ತಂದೆಯ ಆಸ್ತಿಯಲ್ಲಿ ಪಾಲು ಕೇಳುವುದಕ್ಕಾಗಿ ಬೋರ್ಡೋ ರೇವಿನಿಂದ ಹೊರಟಳು. ಹಡಗಿನಲ್ಲಿ ಹೆಂಗಸು ಅವಳೊಬ್ಬಳೇ. ನಾಲ್ಕು ತಿಂಗಳಿಗೂ ಮಿಕ್ಕಿದ ಸಮುದ್ರಪ್ರಯಾಣವಾದ ಬಳಿಕ, ಹೇಸರಗತ್ತೆಯ ಮೇಲೆ ಮರುಭೂಮಿಯನ್ನು ದಾಟಿ, ಮಿಸ್ತಿ ಎಂಬ ಅಗ್ನಿಪರ್ವತದ ಬುಡದಲ್ಲಿರುವ ಅರೆಕಿಪಾ ಪಟ್ಟಣವನ್ನು ಸೇರಿದಳು.

ಚಿಕ್ಕಪ್ಪನಾದ ಪೀಯೋ ತ್ರಿಸ್ತಾನನು ಆದರಿಸಿದನು; ಪಾಲನ್ನು ಮಾತ್ರ ಕೊಡಲಿಲ್ಲ. ತನ್ನ ಅಳಲನ್ನು ಹೊತ್ತು ಹೋದವಳು ಅಲ್ಲಿ ಇತರರ ಅಳಲನ್ನು ಕಂಡಳು. 1834ರ ಅಂತರ್ಯುದ್ಧದಲ್ಲಿ 'ರಬೋನಾ'ಗಳೆಂಬ ಮೂಲನಿವಾಸಿ ಹೆಂಗಸರು ಕೂಸುಗಳನ್ನೂ ಪಾತ್ರೆಗಳನ್ನೂ ಹೊತ್ತು ಸೈನ್ಯದೊಡನೆ ನಡೆದು, ಸಿಪಾಯಿಗಳಿಗೆ ಆಹಾರವನ್ನು ಹುಡುಕಿ ಬೇಯಿಸಿಕೊಡುತ್ತಿದ್ದರು. ಲೀಮಾ ಪಟ್ಟಣದ ಸಮೀಪದ ಕಬ್ಬಿನ ತೋಟದಲ್ಲಿ, ತಮ್ಮ ಹಸುಗೂಸುಗಳನ್ನು ಹಾಲೂಡದೆ ಸಾಯಗೊಟ್ಟರೆಂಬ ಅಪರಾಧಕ್ಕಾಗಿ ಇಬ್ಬರು ದಾಸಿಯರು ಸೆರೆಯಲ್ಲಿದ್ದರು. ಅವರಲ್ಲೊಬ್ಬಳ ನೋಟದಲ್ಲಿ, ದಾಸ್ಯಕ್ಕಿಂತ ಮರಣವೇ ಲೇಸೆಂಬ ಮಾತನ್ನು ಫ್ಲೋರಾ ಓದಿಕೊಂಡಳು. ಆಕೆಯು 1844ರಲ್ಲಿ ತೀರಿಕೊಂಡಳು. ಪೆರುವಿನಲ್ಲಿ ದಾಸ್ಯವು ನಿಂತದ್ದು 1854ರಲ್ಲಿ.

1838ರಲ್ಲಿ ಪ್ರಕಟಿಸಿದ ತನ್ನ ಯಾತ್ರಾಗ್ರಂಥದಲ್ಲಿ ಆಕೆಯು ತನ್ನನ್ನು 'ಪಾರಿಯಾ' ಎಂದು ಕರೆದುಕೊಂಡಳು. ಅದು ತಮಿಳು ನುಡಿಯಿಂದ ಯುರೋಪಿಗೆ ಹೋದ ಶಬ್ದವೆಂದೂ, ಊರ ಹೊರಗೆ ಇರಿಸಲ್ಪಟ್ಟ ನಮ್ಮವರ ಹೆಸರೆಂದೂ ಉಪಾಧ್ಯಾಯಿನಿಯವರು ತಿಳಿಸಿ, ಪುಸ್ತಕವನ್ನು ಮುಚ್ಚಿದರು. ನಾವು ಕಣ್ಣೊರಸಿಕೊಂಡೆವು.

ಆ ಸಂಜೆ ನೀರಿಗೆ ಹೋದಾಗ, ಅಂಗಳ ಗುಡಿಸುವ ಹುಡುಗಿಯು ಎಂದಿನಂತೆ ಬಾವಿಯ ಕಟ್ಟೆಯ ಕೆಳಗೆ ಕೊಡವನ್ನಿಟ್ಟು, ಯಾರಾದರೂ ನೀರು ಹೊಯ್ದಾರೆಂದು ಕಾದಿದ್ದಳು. ಹಾಗೆಂದು ಯಾರೂ ನಿಯಮಿಸಿರಲಿಲ್ಲ. ಅವಳು ಏರುತ್ತಿರಲಿಲ್ಲ, ನಾವು ಕರೆಯುತ್ತಿರಲಿಲ್ಲ. ಪೆರುವಿನ ಪಟ್ಟಣಗಳು ನಮಗೆ ಬಾಯಿಪಾಠವಾಗಿದ್ದುವು. ಮೂರು ವರ್ಷ ಕಂಡ ಅವಳ ಹೆಸರು ತಿಳಿದಿರಲಿಲ್ಲ. ಕೇಳಿದೆವು. ಅವಳು ಬೆದರಿ, ತನ್ನಿಂದ ಏನು ತಪ್ಪಾಯಿತೆಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಟ್ಟೆಯನ್ನೇರಿ ಹಗ್ಗ ಹಿಡಿಯುವುದಕ್ಕೆ ಅವಳಿಗೆ ಎಂಟು ದಿನ ಹಿಡಿಯಿತು. ಕರೆಯುವುದಕ್ಕೆ ನಮಗೆ ಮೂರು ವರ್ಷ ಹಿಡಿದಿತ್ತು.

ತಾಯ್ತಂದೆಗಳೇ, ಹಳೆಯ ಸಂಗಾತಿಗಳೇ, ಮಕ್ಕಳಿಗೆ ದೂರದ ದೇಶಗಳ ನಕ್ಷೆಯನ್ನು ಅವಶ್ಯವಾಗಿ ತೋರಿಸಿರಿ. ಪಾಠ ಮುಗಿದ ಮೇಲೆ ಅಂಗಳಕ್ಕೂ ಕರೆದುಕೊಂಡು ಹೋಗಿರಿ.