ಹಸಿರು ಚೆಂಡಿನ ಸಂಸಾರ

ಹೊಂಡದ ನೀರು ಹಸಿರಾದರೆ "ಪಾಚಿ ಕಟ್ಟಿದೆ" ಎಂದು ಮೂಗು ಮುರಿಯುತ್ತೇವಲ್ಲ, ಆ ಹಸಿರಿನಲ್ಲಿ ಒಮ್ಮೊಮ್ಮೆ ವಾಲ್ವಾಕ್ಸ್ ಎಂಬ ಪುಟ್ಟ ಚೆಂಡುಗಳೂ ಇರುತ್ತವೆ. ಸಾಸಿವೆಗಿಂತ ಸಣ್ಣವು. 1700ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಮಸೂರದಲ್ಲಿ ಅವು ಉರುಳುವುದನ್ನು ಕಂಡು ಬೆರಗಾಗಿ ಬರೆದಿಟ್ಟ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ನಾನು ವರ್ಷವರ್ಷವೂ ಇದನ್ನು ಹುಡುಗಿಯರಿಗೆ ತೋರಿಸುತ್ತೇನೆ. ಕಾರ್ಟರಿ ಎಂಬ ಜಾತಿಯ ಒಂದು ಚೆಂಡಿನಲ್ಲಿ ಸುಮಾರು 2000 ಸಣ್ಣ ಜೀವಕೋಶಗಳು. ಒಂದೊಂದಕ್ಕೂ ಎರಡೆರಡು ಚಾಟಿ. ಅವನ್ನು ಬೀಸಿ ಬೀಸಿ ಇಡೀ ಮನೆಯನ್ನು ಬೆಳಕಿನತ್ತ ಈಜಿಸುವುದೇ ಅವುಗಳ ದುಡಿಮೆ. ಮಕ್ಕಳನ್ನು ಹೆರುವುದು ಒಳಗಿರುವ ಸುಮಾರು 16 ದೊಡ್ಡ ಕೋಶಗಳು ಮಾತ್ರ, ಅದೂ ಗಂಡಿನ ಹಂಗಿಲ್ಲದೆ! ಮರಿಚೆಂಡು ಮೊದಲು ತಿರುವುಮುರುವಾಗಿರುತ್ತದೆ. ಹೊಲಿದ ರವಿಕೆಯನ್ನು ಮಗುಚಿದಂತೆ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಬಲಿತ ಮೇಲೆ ತಾಯಿಯ ಮೈ ತೂರಿ ಹೊರಟುಬಿಡುತ್ತದೆ. ದುಡಿದ ಆ 2000 ಕೋಶಗಳು ಅಲ್ಲಿಗೇ ಮುಗಿಯುತ್ತವೆ.

"ಎಂಥ ತ್ಯಾಗ ಅಲ್ವಾ ಮೇಡಂ?" ಎಂದಳೊಬ್ಬಳು. ನನಗೆ ಆ ಮಾತು ಹಿಡಿಸಲಿಲ್ಲ. ಮನೆಯವರೆಲ್ಲರ ಬಾಣಂತನ ಮಾಡಿ, ನಮ್ಮನ್ನೆಲ್ಲ ಎತ್ತಿ ಆಡಿಸಿದ ನಮ್ಮ ಸೋದರತ್ತೆಯನ್ನೂ ಜನ ಹಾಗೇ ಹೊಗಳುತ್ತಿದ್ದರು. ಮದುವೆ ಬೇಕೇ ಎಂದು ಅವರನ್ನು ಯಾರೂ ಕೇಳಿರಲೇ ಇಲ್ಲ.

ವಾಲ್ವಾಕ್ಸಿನಲ್ಲೂ ಕೇಳುವವರಿಲ್ಲ. ರೆಗ್-ಎ ಎಂಬ ಜೀನ್ ಒಂದು ಆ ಸಣ್ಣ ಕೋಶಗಳನ್ನು ಬೆಳೆಯಗೊಡದೆ ತಡೆದಿಡುತ್ತದೆ, ಅಷ್ಟೆ. ಅದು ಕೆಟ್ಟರೆ ಅವೂ ದಪ್ಪಗಾಗಿ, ಚಾಟಿ ಕಳೆದುಕೊಂಡು, ತಮ್ಮವೇ ಮರಿಗಳನ್ನು ಹೆರುತ್ತವೆ. ಆಗ ಈಜಿಸುವವರಿಲ್ಲದೆ ಚೆಂಡು ತಳಕ್ಕಿಳಿಯುತ್ತದೆ. ಅದನ್ನೂ ಹುಡುಗಿಯರಿಗೆ ಹೇಳಿದೆ, ಮುಚ್ಚಿಡಲಿಲ್ಲ.