ಯಾರ ಪೈಕಿ?

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಹೆಸರು ಕೇಳುವುದಿಲ್ಲ, "ನೀವು ಯಾರ ಪೈಕಿರಿ?" ಎನ್ನುತ್ತಾರೆ. ಬಿರಾದಾರ ಎಂದರೆ ಸಾಲದು. ಯಾವ ಊರ ಬಿರಾದಾರರು, ಊರಾಗಿನ ಮನಿಯವರೋ ತೋಟದ ಮನಿಯವರೋ ಎಂದು ಕೆದಕುತ್ತಾರೆ. ಇಂಡಿಯಲ್ಲಿ ಹತ್ತಿ ಸಿಂದಗಿಯಲ್ಲಿ ಇಳಿಯುವಷ್ಟರಲ್ಲಿ ಎಲ್ಲಿಯದೋ ಬೀಗತನ ಹೊರಬಿದ್ದು, ನಮ್ಮ ಟಿಕೆಟ್ಟೂ ಅವರೇ ತೆಗೆಸಿರುತ್ತಾರೆ.

ನಾವು ಬಸವನಬಾಗೇವಾಡಿ ತಾಲೂಕಿನ ಡೋಣಿ ಸಾಲಿನವರು, ತೋಟದ ಮನೆಯವರು. ಹೆಸರಿಗಷ್ಟೇ ತೋಟ. ಎರೆಹೊಲದ ನಡುವೆ ಒಂದು ಸವುಳು ನೀರಿನ ಬಾವಿ, ಕೆಲವು ಬೇವಿನ ಗಿಡ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳ ಗ್ವಾದಲಿ, ಆಮೇಲೆ ಒಂದು ಕಟ್ಟೆ ಎತ್ತರದಲ್ಲಿ ಮನುಷ್ಯರ ಪಡಸಾಲೆ. ಯಾವಾಗ ಕಟ್ಟಿದ್ದೆಂದರೆ, "ಗಂಟಿನ ಬ್ಯಾನಿ ಬಂದಾಗ" ಎಂಬ ಉತ್ತರ. ಪ್ಲೇಗು 1896ರಲ್ಲಿ ಮುಂಬಯಿಗೆ ಕಾಲಿಟ್ಟು, ಮುಂದೆ ಆ ಪ್ರಾಂತಕ್ಕೇ ಸೇರಿದ್ದ ನಮ್ಮ ಸೀಮೆಗೂ ಇಳಿಯಿತು. ಇಲಿ ಸತ್ತು ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಬೇನೆ ಹೋದ ಮೇಲೆ ಉಳಿದವರು ಊರಿಗೆ ಮರಳಿದರೆ ನಮ್ಮವರು ಗುಡಿಸಲಿದ್ದಲ್ಲೇ ಗೋಡೆ ಎಬ್ಬಿಸಿದರಂತೆ. ಹೊಲದ ಮೇಲಿನ ಅಕ್ಕರೆ ಎಂದು ನಮ್ಮವರು, ಅಣ್ಣತಮ್ಮಂದಿರ ಜಗಳ ಎಂದು ಊರವರು.

ಈ ಮನೆಯ ತಲೆಮಾರುಗಳನ್ನು ಹುಡುಕಲು ಹೊರಟರೆ ಮೊದಲು ಸಿಗುವುದು ತಲಾಟಿಯ ದಫ್ತರ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ಹೆಸರಿನ ಬೆನ್ನಿಗೆ ಅಪ್ಪನ ಹೆಸರು. ಹೀಗಾಗಿ ಹಳೆಯ ಉತಾರಿಗಳಲ್ಲಿ ಶಿವಪ್ಪ ಸಂಗಪ್ಪ, ಸಂಗಪ್ಪ ಶಿವಪ್ಪ, ಮತ್ತೆ ಶಿವಪ್ಪ ಸಂಗಪ್ಪ ಎಂದು ನೂರು ವರ್ಷ ಇಬ್ಬರೇ ಬದುಕಿದಂತೆ ಕಾಣುತ್ತದೆ. ವಾಟ್ನಿ ಆದಾಗಲೊಮ್ಮೆ ಸರ್ವೆ ನಂಬರಿಗೆ ಹಿಸ್ಸೆಯ ಬಾಲ ಹುಟ್ಟುತ್ತದೆ, ಬಾಲಕ್ಕೆ ಇನ್ನೊಂದು ಬಾಲ. ಎಷ್ಟು ಮಂದಿ ಗಂಡುಮಕ್ಕಳು, ಯಾರು ಯಾವಾಗ ಬೇರೆಯಾದರು ಎಂಬುದನ್ನು ಆ ಅಂಕಿಗಳಲ್ಲೇ ಓದಬಹುದು. ಹೆಣ್ಣುಮಕ್ಕಳು ಹುಟ್ಟಿದ್ದರೆಂಬ ಗುರುತು ಮಾತ್ರ ಇಲ್ಲ.

ಎರಡನೆಯವನು ಹೆಳವ. ಮೊದಲೆಲ್ಲ ಗಂಟೆ ಕಟ್ಟಿದ ಎತ್ತಿನೊಂದಿಗೆ ಬರುತ್ತಿದ್ದ, ಈಗ ಮೋಟಾರ್‌ಸೈಕಲ್ ಮೇಲೆ ಬರುತ್ತಾನೆ. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆ ಎಂದು ಅವರಲ್ಲೂ ವಾಟ್ನಿ ಇದೆ. ಸುಗ್ಗಿ ಮುಗಿದು ಕಾಳು ಮನೆಗೆ ಬಂದಾಗ ಪಡಸಾಲೆಯಲ್ಲಿ ಕಂಬಳಿ ಹಾಸಿಸಿಕೊಂಡು, ಮೂಲ ಊರು, ಮನೆದೇವರು, ಬೆಡಗು, ಊರು ಬಿಟ್ಟ ಕಾರಣ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾನೆ. ಹರಿದ್ವಾರದ ಪಂಡಾಗಳೂ ಇಂಥ ವಹಿಗಳನ್ನು ಇಟ್ಟಿದ್ದಾರೆ, ಆದರೆ ಅಲ್ಲಿಗೆ ನಾವೇ ಹೋಗಬೇಕು. ನಮ್ಮ ವಂಶ ತಾನೇ ಮನೆಬಾಗಿಲಿಗೆ ಬಂದು ಜೋಳ ಕೇಳುತ್ತದೆ.

ಒಮ್ಮೆ ಅವನು ಹೀಗೆ ಹೇಳುತ್ತಿರುವಾಗ ಅಡಿಗೆಮನೆಯಿಂದ ಆಯಿ ಕೂಗಿದಳು: "ಹೆಳವಪ್ಪಾ, ಅದರಾಗ ನನ್ನ ಹೆಸರ ಎಲ್ಲೈತಿ ನೋಡು."

"ಯವ್ವಾ, ನಿನ್ನ ಹೆಸರ ನಿನ್ನ ತವರಮನಿ ಹೆಳವನ ಹಂತ್ಯಾಕ ಇರತೈತಿ."

"ಅಂವನ್ನ ಕೇಳಿದ್ರ, ಕೊಟ್ಟ ಮನಿಗಿ ಹೋತು ಅಂತಾನ."

ಹೆಳವ ನಕ್ಕ. ಆ ವರ್ಷ ಆಯಿ ಅವನಿಗೆ ಜೋಳ ಅಳೆಯುವಾಗ ಸೇರಿನ ತಲೆ ಸವರಿದ್ದನ್ನು ಮಾತ್ರ ನಾನು ನೋಡಿದೆ.

ಮೂರನೆಯ ದಫ್ತರ ಈ ಆಯಿಯದೇ. ಅವಳ ಲೆಕ್ಕ ಇಸವಿಯಲ್ಲಿಲ್ಲ. ಆಲಮಟ್ಟಿಗೆ ಅಡಿಗಲ್ಲು ಹಾಕಿದ ವರ್ಷ ಹಿರಿಯತ್ತಿ ಹುಟ್ಟಿದ್ದು, ಎಂದರೆ 1964. ದೊಡ್ಡ ಬರದ ವರ್ಷ ಸಣ್ಣತ್ತಿ, ಎಂದರೆ 1972. ತಾನು ಇಂಡಿ ತಾಲೂಕಿನ ಭೀಮಾ ದಂಡೆಯವಳು, ನಾದಿನಿಯನ್ನು ಕೊಟ್ಟಿದ್ದು ಸಿಂದಗಿ ಕಡೆ, ಸಣ್ಣ ಮಗಳನ್ನು ಮುದ್ದೇಬಿಹಾಳಕ್ಕೆ, ಹಿರಿಯಳನ್ನು ಕೊಲ್ಹಾರದ ಕಡೆ ಕೃಷ್ಣೆಯ ದಂಡೆಗೆ. ಗಂಡಸರ ವಂಶ ಒಂದೇ ಹೊಲದಲ್ಲಿ ಹಿಸ್ಸೆಯಾಗುತ್ತ ಸಣ್ಣದಾದರೆ, ಆಯಿಯ ವಂಶ ನಾಲ್ಕು ತಾಲೂಕು ಹಬ್ಬಿತ್ತು. ಬಸ್ಸಿನಲ್ಲಿ ಹೊರಬೀಳುವ ಬೀಗತನವೆಲ್ಲ ಅವಳ ದಫ್ತರದ್ದೇ. ಆದರೂ ಇಂಡಿಯ ಲಿಂಬೆಹಣ್ಣಿಗೆ ಈಚೆಗೆ ಭೌಗೋಳಿಕ ಗುರುತು ಸಿಕ್ಕಿ ತವರಿನ ಹೆಸರು ಸರಕಾರದ ಕಾಗದದಲ್ಲಿ ಏರಿತು, ಇಂಡಿಯಿಂದ ಬಂದ ಆಯಿಯದು ಏರಲಿಲ್ಲ.

ತಾನು ಹುಟ್ಟಿದ ವರ್ಷ ಅಡಿಗಲ್ಲು ಬಿದ್ದ ಅಣೆಕಟ್ಟಿನ ಹಿನ್ನೀರೇ ಮುಂದೆ ಹಿರಿಯತ್ತಿ ನಡೆಯಲು ಹೋದ ಊರನ್ನು ನುಂಗಿತು. ಪರಿಹಾರಕ್ಕೆ ಬಂದವರು ಅವಳ ಮನೆಯ ಕಂಬ, ತೊಲೆ, ಗಿಡ ಎಣಿಸಿ ಬರೆದುಕೊಂಡರು. ಹಗೇವು ಕಾಣುವಂಥದ್ದಲ್ಲ, ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿದ್ದರು. ಅದನ್ನು ತಾನೇ ತೋರಿಸಿ ಬರೆಸಿದೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಕಾಗದದಲ್ಲಿ ಇರುವುದೆಂದರೇನು ಎಂಬುದನ್ನು ಅವಳು ಕಲಿತದ್ದು ಅಲ್ಲಿ.

ಮುತ್ಯಾ ತೀರಿದ ಮೇಲೆ ವಾರಸಾ ಆಗಬೇಕಾಯಿತು, ವಾರಸಾಕ್ಕೆ ವಂಶವೃಕ್ಷ ಬೇಕಾಯಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದ 1994ರ ರಾಜ್ಯದ ತಿದ್ದುಪಡಿ, ಅಷ್ಟರಲ್ಲಿ ಲಗ್ನವಾಗಿದ್ದವರನ್ನು ಹೊರಗಿಟ್ಟಿತ್ತು; 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಹೀಗೆ ಅತ್ತಿಯರಿಬ್ಬರ ಹೆಸರು ಮೊಟ್ಟಮೊದಲು ಈ ಮನೆಯ ಕಾಗದಕ್ಕೆ ಬಂತು. ಬಂದ ದಿನವೇ ಕಾಕಾ ಹಕ್ಕುಬಿಟ್ಟ ಪತ್ರವನ್ನೂ ಬರೆಸಿ ತಂದಿದ್ದ. ಸೀರೆ ಉಡಿಸಿ ಸಹಿ ಮಾಡಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಸಣ್ಣತ್ತಿ ಮಾಡಿದಳು. ಹಿರಿಯತ್ತಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು, "ತಮ್ಮಾ, ನನಗ ಹೊಲ ಬ್ಯಾಡ. ಆದ್ರ ಒಂದೆರಡು ವರ್ಸ ನನ್ನ ಹೆಸರ ಉತಾರ್‍ಯಾಗ ಇರ್ಲಿ, ನೋಡ್ತೀನಿ" ಎಂದಳು.

ಕಾಕಾ ಇನ್ನೂ ಮುಖ ಬಿಗಿದುಕೊಂಡೇ ಇದ್ದಾನೆ. ನನಗೋ ಬರುವ ಸುಗ್ಗಿಯ ಹೆಳವನನ್ನು ನೋಡುವ ಆಸೆ. ಖಾತೆದಾರರ ಮನೆಯಲ್ಲಿ ಕಾಳು ಕೇಳುವವನು ಖಾತೆದಾರರನ್ನೆಲ್ಲ ಹೊಗಳಲೇಬೇಕಲ್ಲ.